ಇಳಿಯುವ ಜಾಗ

“ಹೆಣದಾಂಗ ಬೀಳಬ್ಯಾಡ ಕುಂಟಿ. ಜರಾ ಮೈ ಹಗುರ ಮಾಡು,” ಎನ್ನುತ್ತ, ಖಣಿಯ ಆಳುಗಳನ್ನು ನೋಡಿಕೊಳ್ಳುವ ಮುಕಾದಮ ದೇವಿದಾಸ ಸ್ವರೂಪಾಳ ಕಂಕುಳಿಗೆ ಎರಡೂ ಕೈ ಹಾಕಿ ಎತ್ತಿದ. ಟ್ರ್ಯಾಕ್ಟರಿನ ಟ್ರಾಲಿಯಲ್ಲಿ ಮೊದಲೇ ಹತ್ತಿ ಕೂತಿದ್ದ ಹೆಂಗಸರು ಸರಿದು ಜಾಗ ಮಾಡಿದರು. ಕಾಲಿನ ಕಡೆ ಹಿಡಿಯಲು ಇನ್ನೊಬ್ಬ ಬಂದ. ಅಲ್ಲಿ ಹಿಡಿಯುವಂಥದ್ದು ಹೆಚ್ಚೇನೂ ಇರಲಿಲ್ಲ. ಚಿಕ್ಕಂದಿನಲ್ಲಿ ಜ್ವರ ಬಂದು ಹೋದ ಮೇಲೆ ಅವಳ ಎರಡೂ ಕಾಲು ತೊಗರಿ ಕಟ್ಟಿಗೆಯ ಹಾಗೆ ಒಣಗಿ ಉಳಿದಿದ್ದವು.

“ಪರ್ಸಿ ಕಲ್ಲು ಎತ್ತಿದ್ರ ರೊಕ್ಕರೆ ಬರ್ತದ. ಇದಕ್ಕ ಎತ್ತಿದ್ರ ಏನ್ ಬರ್ತದ ಹೇಳ್ರಿ?” ಎಂದ ದೇವಿದಾಸ.

ಟ್ರಾಲಿಯೆಲ್ಲ ನಕ್ಕಿತು. ಸ್ವರೂಪಾಳೂ ನಕ್ಕಳು. ನಗದಿದ್ದರೆ ಅವನು ಎತ್ತುವ ಹೊತ್ತು ಉದ್ದವಾಗುತ್ತಿತ್ತು. ಅವನ ಹೆಬ್ಬೆರಳು ದಿನವೂ ಒಂದೇ ಕಡೆ ಹೋಗಿ ಒತ್ತುತ್ತಿತ್ತು. ಅಷ್ಟು ಹೊತ್ತು ಅವಳು ಟ್ರಾಲಿಯ ಕೊಂಡಿಗೆ ಹಿಡಿದ ತುಕ್ಕನ್ನು ನೋಡುತ್ತಿದ್ದಳು. ತುಕ್ಕು ಮಳೆಗಾಲದಲ್ಲಿ ಕೆಂಪಗಿರುತ್ತದೆ, ಬೇಸಿಗೆಯಲ್ಲಿ ಕಪ್ಪಾಗುತ್ತದೆ. ಇಷ್ಟು ವರ್ಷದಲ್ಲಿ ಅವಳಿಗೆ ಅದು ಚೆನ್ನಾಗಿ ಗೊತ್ತಾಗಿತ್ತು.

ಬಶೀರಾಬಾದಿನಿಂದ ತಾಂಡೂರಿಗೆ ಹೋಗುವ ದಾರಿಯಲ್ಲಿ ಊರು. ಊರಾಚೆ ವೈಜಿನಾಥ ಪಟೇಲರ ಕಲ್ಲಿನ ಖಣಿ. ಗಂಡಸರು ಮನೆಗೆ ಹಾಸುವ ಪರ್ಸಿ ಕಲ್ಲನ್ನು ನೆಲದಿಂದ ಎಬ್ಬಿಸುತ್ತಾರೆ, ಹೆಂಗಸರು ಹೊರುತ್ತಾರೆ. ಸ್ವರೂಪಾ ಕೂತಲ್ಲೇ ಉಳಿ ಸುತ್ತಿಗೆ ಹಿಡಿದು ಅಂಚು ಹೊಡೆಯುತ್ತಾಳೆ. ಬಿಳಿ ಪುಡಿ ಅವಳ ಹುಬ್ಬಿಗೆ, ಮೂಗಿಗೆ, ತುಂಬುತೋಳಿನ ಜಂಪರಿಗೆ ಕೂತು ಸಂಜೆಯ ಹೊತ್ತಿಗೆ ಅವಳೂ ಒಂದು ಕಲ್ಲಿನ ಹಾಗೆಯೇ ಕಾಣುತ್ತಾಳೆ. ಸಂಜೆ ಮತ್ತೆ ಎತ್ತಿ ಹಾಕುತ್ತಾರೆ. ಕೇರಿಯ ಬಾಯಲ್ಲಿ ಮತ್ತೆ ಎತ್ತಿ ಇಳಿಸುತ್ತಾರೆ. ಅಲ್ಲಿಂದ ಮನೆಯವರೆಗೆ ಅಂಗೈಗೆ ಹಳೇ ಚಪ್ಪಲಿ ಸಿಕ್ಕಿಸಿಕೊಂಡು ತಾನೇ ತೆವಳಿಕೊಂಡು ಹೋಗುತ್ತಾಳೆ.

ತಾಯಿ ಈಶಮ್ಮ ತೀರಿದ ಮೇಲೆ ಅವಳು ಒಬ್ಬಳೇ ಇದ್ದಳು. ತಮ್ಮ ಜೈಪಾಲ ಹೆಂಡತಿ ಮಕ್ಕಳ ಜೊತೆ ಎದುರು ಮನೆಯಲ್ಲಿ. ಬಂದು ನಮ್ಮ ಜೊತೆಗಿರು ಎಂದು ಅವನು ಕರೆದ. ಅವನ ಹೆಂಡತಿಯೂ ಕರೆದಳು, ಆಕೆಯ ಕರೆಯಲ್ಲಿ ಕಪಟವೇನೂ ಇರಲಿಲ್ಲ. ಸ್ವರೂಪಾ ಹೋಗಲಿಲ್ಲ. ತನ್ನ ಒಂದು ಕೋಣೆಯಲ್ಲಿ ಒಲೆಯನ್ನು ನೆಲಕ್ಕೆ ಇಳಿಸಿಕೊಂಡಿದ್ದಳು, ನೀರಿನ ಕೊಡವನ್ನು ನೆಲಕ್ಕೆ ಇಳಿಸಿಕೊಂಡಿದ್ದಳು, ದೇವರ ಪಟವನ್ನೂ ಮೊಳೆ ಕಿತ್ತು ಕೆಳಗೆ ತನ್ನ ಕಣ್ಣಿನ ಮಟ್ಟಕ್ಕೆ ಹೊಡೆದುಕೊಂಡಿದ್ದಳು. ಒಳಗೆ ಬಂದವರು ಬಗ್ಗಿ ಮಾತಾಡಬೇಕು. ಹಿಂದಿನ ಬಾಗಿಲಿನಿಂದ ಪಾಯಖಾನೆಯವರೆಗೆ ಜೈಪಾಲ ಒಡೆದ ಪರ್ಸಿ ತುಂಡು ಹಾಸಿಕೊಟ್ಟಿದ್ದ. ಕತ್ತಲಲ್ಲಿ ಹೋಗುವಾಗ ಆ ಕಲ್ಲಿನ ತಂಪು ಅಂಗೈಗೆ ದಾರಿ ಹೇಳುತ್ತಿತ್ತು. ತನ್ನ ರೊಟ್ಟಿ ತಾನು ಬಡಿಯುತ್ತಿದ್ದಳು, ತನ್ನ ಸೀರೆ ತಾನು ಒಗೆಯುತ್ತಿದ್ದಳು. ಮನೆಯೊಳಗೆ ಅವಳನ್ನು ಯಾರೂ ಎತ್ತುವ ಹಾಗಿರಲಿಲ್ಲ.

ಹೋದ ಚಳಿಗಾಲ ತಾಂಡೂರಿನಲ್ಲಿ ಅಂಗವಿಕಲರಿಗೆ ಸೈಕಲ್ ಹಂಚುವ ಕಾರ್ಯಕ್ರಮವಾಯಿತು. ಪಟೇಲರು ವೇದಿಕೆಯ ಮೇಲಿದ್ದರು. ಮೂರು ಗಾಲಿಯ, ಎದೆ ಮುಂದಿನ ಪೆಡಲನ್ನು ಕೈಯಿಂದ ತಿರುಗಿಸುವ ಸೈಕಲ್ಲು. ತಮ್ಮ ಊರಿನವಳ ಸರದಿ ಬಂದಾಗ ಪಟೇಲರೇ ಕೆಳಗಿಳಿದು ಬಂದು, ಅವಳ ಕೊರಳಿಗೆ ಹೂವಿನ ಹಾರ ಹಾಕಿ, ಹ್ಯಾಂಡಲ್ಲಿನ ಮೇಲೆ ಒಂದು ಕೈ ಇಟ್ಟು ಫೋಟೊಕ್ಕೆ ನಿಂತರು. ಫೋಟೊ ಮರುದಿನ ಊರಿನ ಎಲ್ಲ ಫೋನಿಗೂ ಬಂತು. ದೇವಿದಾಸ ಅದನ್ನು ಅವಳಿಗೇ ತೋರಿಸಿ, ನಿನ್ನ ಮದುವಿ ಫೋಟೊ ಹ್ಯಾಂಗ ಬಂದದ ನೋಡು ಎಂದಿದ್ದ.

ಸೈಕಲ್ಲು ಬಂದ ಮೇಲೆ ಮನೆಯ ಮುಂದೆ, ಸೀಟಿನ ಎತ್ತರಕ್ಕೆ ಸರಿಯಾಗಿ, ಜೈಪಾಲ ಕಲ್ಲಿನ ಮೇಲೆ ಕಲ್ಲು ಪೇರಿಸಿ ಒಂದು ಕಟ್ಟೆ ಮಾಡಿದ. ಅದಕ್ಕೆ ಒಂದು ಇಳಿಜಾರು. ತೆವಳಿ ಕಟ್ಟೆ ಹತ್ತುವುದು, ಕೈಯೂರಿ ಸೀಟಿಗೆ ಸರಿಯುವುದು. ಖಣಿಯಲ್ಲಿ ಪರ್ಸಿಯ ಗುಡ್ಡೆಗಳಿಗೆ ಏನು ಬರ, ಅಲ್ಲೊಂದು ಅದೇ ಎತ್ತರದ್ದು ಇತ್ತು. ಈ ಕಡೆ ಕಲ್ಲು, ಆ ಕಡೆ ಕಲ್ಲು. ನಡುವೆ ಯಾರ ಕೈಯೂ ಬೇಕಾಗಿರಲಿಲ್ಲ. ಸಂಜೆ ಸಂಜೆ ಕೇರಿಯೊಳಗೇ ಓಡಿಸಿ ಕಲಿತಳು. ತೋಳಿನ ಕಸುವಿಗೆ ಅವಳಿಗೆ ಕೊರತೆ ಇರಲಿಲ್ಲ. ನಾಯಿಗಳು ಮೊದಲು ಬೊಗಳಿದವು, ಆಮೇಲೆ ಬಿಟ್ಟುಬಿಟ್ಟವು.

ಆದರೆ ಕೇರಿಯ ಓಣಿ ಊರಿನ ದಾರಿಗೆ ಕೂಡುವಲ್ಲಿ ಹಣಮಂತ ದೇವರ ಗುಡಿ. ಗುಡಿಗೆ ಹೊಂದಿಕೊಂಡು ಪಟೇಲರ ಮನೆಯ ಗೋಡೆ. ಅಲ್ಲಿ ಬೇವಿನ ಗಿಡದಿಂದ ಗೋಡೆಯ ಕೊನೆಯವರೆಗೆ ಕೇರಿಯವರು ಗಾಡಿಯಿಂದ ಇಳಿದು ಹೋಗಬೇಕು. ಹಿಂದೆ ಎತ್ತಿನ ಬಂಡಿಯಿಂದ ಇಳಿಯುತ್ತಿದ್ದರು, ಆಮೇಲೆ ಸೈಕಲ್ಲಿನಿಂದ, ಈಗ ಮೋಟರ್ ಸೈಕಲ್ಲಿನಿಂದ. ಯಾವ ಬೋರ್ಡೂ ಇಲ್ಲ, ಯಾರೂ ಬೈಯುವುದೂ ಇಲ್ಲ. ಜೈಪಾಲ ಮನೆಯ ಗೋಡೆಗೆ ಬುದ್ಧನ ಪಟ ಹಾಕಿದವನು, ನೀಲಿ ಬಾವುಟ ಕಟ್ಟಿ ತಾಂಡೂರಿನ ಮೆರವಣಿಗೆಗೆ ಹೋಗುವವನು. ಅವನೂ ಬೇವಿನ ಗಿಡ ಬಂದ ಕೂಡಲೇ ಇಂಜಿನು ಆರಿಸುತ್ತಾನೆ, ಇಳಿದು ತಳ್ಳುತ್ತಾನೆ, ಗೋಡೆ ದಾಟಿದ ಮೇಲೆ ಒದ್ದು ಚಾಲು ಮಾಡುತ್ತಾನೆ. ಕೇಳಿದರೆ, ದೇವರಿಗೆ ಅಂತ ಹೇಳುತ್ತಾನೆ.

ಬಸ್ಸಿನಲ್ಲಿ ಹೋಗುವಾಗ ಮಾತ್ರ ಯಾರೂ ಇಳಿಯುವುದಿಲ್ಲ, ಎಲ್ಲರೂ ಕೂತೇ ಹೋಗುತ್ತಾರೆ. ಖಣಿಯ ಟ್ರಾಲಿಯಲ್ಲೂ ಹಾಗೇ.

ಸ್ವರೂಪಾ ಸುಮ್ಮನೆ ಒಂದು ದಿನ ಬೆಳಗ್ಗೆ ಹೋಗಿಬಿಟ್ಟಿದ್ದರೆ ಏನಾಗುತ್ತಿತ್ತೋ ಹೇಳುವುದು ಕಷ್ಟ. ಕುಂಟಿ ಹೋದಳು ಅಂತ ನೋಡಿಯೂ ನೋಡದಂತೆ ಬಿಡುತ್ತಿದ್ದರೋ ಏನೋ. ಆದರೆ ಅವಳ ಸೋದರಮಾವ ಅಂಜಪ್ಪ ಕೇರಿಯ ಹಿರಿಯ. ಹುಟ್ಟಿದಾಗಿನಿಂದ ಪ್ರತಿಯೊಂದಕ್ಕೂ ಪಟೇಲರ ಮನೆಯ ಮುಂದೆ ನಿಂತು ಪರವಾನಗಿ ಕೇಳಿದವನು. ಮದುವೆಯ ಬಾಜಾಕ್ಕೆ ಕೇಳಿದ್ದ, ಬೋರು ಹೊಡೆಸಲು ಕೇಳಿದ್ದ, ಹೆಣ ಒಯ್ಯುವ ದಾರಿಗೆ ಕೇಳಿದ್ದ. ಅಕ್ಕನ ಮಗಳಿಗೆ ಒಳ್ಳೆಯದಾಗಲಿ ಎಂದೇ ಅವನು ಟವೆಲ್ಲು ಕಂಕುಳಲ್ಲಿ ಇರುಕಿಕೊಂಡು ಹೋದ. ಹುಡುಗಿಗೆ ಕಾಲಿಲ್ಲ, ಗುಡಿ ಮುಂದೆ ಕೂತೇ ದಾಟಲು ಅಪ್ಪಣೆಯಾಗಬೇಕು ಎಂದು ಕೇಳಿದ. ಕೇಳಿದ ಮೇಲೆ ಅದಕ್ಕೊಂದು ಉತ್ತರ ಬರಲೇಬೇಕಾಯಿತು. ಆಕೆಯನ್ನೂ ಕರೆದುಕೊಂಡು ಬಾ ಎಂದರು ಪಟೇಲರು.

ಅಂಗಳದಲ್ಲಿ ಅವಳು ಪರ್ಸಿಯ ಮೇಲೆ ಕೂತಳು. ಅಂಜಪ್ಪ ಪಕ್ಕದಲ್ಲಿ ನಿಂತ. ಪಟೇಲರು ಮೇಲೆ ಕುರ್ಚಿಯಲ್ಲಿದ್ದರು, ಬಿಳೀ ಧೋತರ, ತೊಡೆಯ ಮೇಲೆ ಫೋನು. ಕಾನೂನು ತಿಳಿದ ಮನುಷ್ಯ. ಜಾತಿಯ ಹೆಸರು ಅವರ ಬಾಯಿಂದ ಎಂದೂ ಬೀಳುತ್ತಿರಲಿಲ್ಲ. ಸೊಸೆಗೆ ಹೇಳಿ ಅವಳಿಗೆ ಚಹಾ ಕೊಡಿಸಿದರು, ಕಾಗದದ ಕಪ್ಪಿನಲ್ಲಿ.

“ಆ ಗಾಡಿ ನಾನೇ ಕೊಡಿಸೀನಿ ನಿನಗ. ಹೌದಿಲ್ಲೋ?”

“ಹೌದ್ರಿ ದೊರಿ.”

“ಮತ್ತ ನಾ ಹೊಡಿಬ್ಯಾಡ ಅಂತೀನೇನು? ಹೊಡಿ. ತಾಂಡೂರ ತನಕ ಹೊಡ್ಕೊಂಡು ಹೋಗು. ಗುಡಿ ಮುಂದ ಅಷ್ಟ ಇಳಿ. ದೇವ್ರಿಗಿ ನಾನೂ ಅಂಜತೀನಿ, ನೀನೂ ಅಂಜಬೇಕು.”

ಇಳಿದರೆ ಮತ್ತೆ ಹತ್ತಲು ಬರುವುದಿಲ್ಲ ಎಂದು ಅವಳು ಹೇಳಿದಳು. ಪಟೇಲರು ಅದನ್ನೂ ಯೋಚಿಸಿದ್ದರು. ದೇವಿದಾಸ ಅಲ್ಲೇ ನಿಂತಿರುತ್ತಾನೆ, ಗಿಡದ ಹತ್ತಿರ ಎತ್ತಿಕೊಳ್ಳುತ್ತಾನೆ, ಇನ್ನೊಬ್ಬ ಸೈಕಲ್ಲು ತಳ್ಳುತ್ತಾನೆ, ಗೋಡೆಯ ಆಚೆ ಮತ್ತೆ ಕೂಡಿಸುತ್ತಾನೆ. ಹೋಗುವಾಗ ಒಮ್ಮೆ, ಬರುವಾಗ ಒಮ್ಮೆ. ಇವಳೊಬ್ಬಳಿಗೆ ಬಿಟ್ಟರೆ ನಾಳೆ ಮೋಟರ್ ಸೈಕಲ್ಲಿನ ಹುಡುಗರು ಬಂದು ನಿಲ್ಲುತ್ತಾರೆ, ಅವರಿಗೆ ಏನು ಹೇಳಲಿ ಎಂದರು.

ಸ್ವರೂಪಾ ಚಹಾದ ಕಪ್ಪನ್ನು ನೋಡುತ್ತಿದ್ದಳು.

“ದಿನಾ ಟ್ರಾಲಿದಾಗ ಕುಂತೇ ಹೋತೀವಲ್ರಿ,” ಎಂದಳು.

“ಅದು ನನ್ನ ಟ್ರಾಲಿ,” ಎಂದರು ಪಟೇಲರು. ಸಿಟ್ಟೇನೂ ಇರಲಿಲ್ಲ. ಮಗುವಿಗೆ ಹೇಳುವ ಹಾಗೆ ಹೇಳಿದರು.

ಅಂಜಪ್ಪ ಎರಡೂ ಕೈ ಜೋಡಿಸಿ, ದೊಡ್ಡ ಮನಸ್ಸು ಮಾಡಿದಿರಿ ಎಂದು ಬಗ್ಗಿದ. ದಾರಿಯುದ್ದಕ್ಕೂ ಅವನಿಗೆ ಸಂತೋಷವೋ ಸಂತೋಷ. ಪಟೇಲರು ಬೇಡ ಅನ್ನಲಿಲ್ಲ ನೋಡು, ಆಳು ಕೂಡ ಕೊಟ್ಟರು ನೋಡು ಎನ್ನುತ್ತ ಬಂದ. ಕೇರಿಯ ಹೆಂಗಸರಿಗೂ ಅದು ಸರಿಯೆನಿಸಿತು. ಟ್ರಾಲಿಗೆ ಎತ್ತುತ್ತಿದ್ದವನೇ ಗುಡಿ ದಾಟಿಸುತ್ತಾನೆ, ಅದರಲ್ಲೇನು ಎಂದು ಲಚ್ಚಮ್ಮ ಕೇಳಿದಳು. ಲಚ್ಚಮ್ಮ ಟ್ರಾಲಿಯಲ್ಲಿ ದಿನವೂ ಪಕ್ಕಕ್ಕೆ ಕೂರುವವಳು.

ಸ್ವರೂಪಾ ಆ ಸಂಜೆ ಸೈಕಲ್ಲಿನ ಮೇಲೆ ಪ್ಲಾಸ್ಟಿಕ್ಕು ಹೊದಿಸಿದಳು. ಮರುದಿನ ಟ್ರಾಲಿಗೆ ಹೋದಳು. ಮತ್ತೂ ಕೆಲವು ದಿನ ಟ್ರಾಲಿಗೇ ಹೋದಳು. ದೇವಿದಾಸ ಅವಳನ್ನು ಎತ್ತುವಾಗ, “ಇನ್ನ ಮ್ಯಾಲಿಂದ ದೇವ್ರ ಮುಂದೂ ನನ್ನ ಕೈಯಾಗೇ ಬರತಿ,” ಎಂದು ಕಿವಿಯ ಹತ್ತಿರ ಹೇಳಿದ. ಅವನ ಬಾಯಿಂದ ಗುಟಕಾದ ವಾಸನೆ ಬರುತ್ತಿತ್ತು. ಅವಳಿಗೆ ಅಸಹ್ಯವೂ ಆಗಲಿಲ್ಲ, ಭಯವೂ ಆಗಲಿಲ್ಲ. ಯಾವುದೋ ಕಾಲದಲ್ಲಿ ಸೊಂಟದಿಂದ ಕೆಳಗೆ ಬಂದ ಜಡತನ ಈಗ ಮೇಲಕ್ಕೂ ಏರುತ್ತಿದೆ ಎನಿಸಿತು, ಅಷ್ಟೇ.

ಅವ್ವ ಅಮಾವಾಸ್ಯೆಗೆ ಪದ ಹೇಳುತ್ತಿದ್ದಳು. ಕೇರಿಯ ಕಟ್ಟೆಯಲ್ಲಿ ಏಕತಾರಿ ಹಿಡಿದ ಮುದುಕರ ನಡುವೆ ಅವಳೊಬ್ಬಳೇ ಹೆಂಗಸು. ಕಣ್ಣು ಮುಚ್ಚಿ ಹೇಳುತ್ತಿದ್ದಳು. ಹಣಮಂತ ಗುಡ್ಡ ಎತ್ತಿಕೊಂಡು ಹಾರಿ ಬಂದದ್ದು ಅವಳ ಬಾಯಲ್ಲಿ ಕೇಳಬೇಕು, ಹೆಜ್ಜೆ ಹೆಜ್ಜೆಗೂ ಕಾಡು ನಡುಗುತ್ತಿತ್ತು, ನದಿ ಸರಿದು ದಾರಿ ಕೊಡುತ್ತಿತ್ತು. ಅವ್ವನ ತೊಡೆಯ ಮೇಲೆ ಮಲಗಿ ಅದೆಷ್ಟು ಸಲ ಕೇಳಿದ್ದಳೋ. ಎತ್ತಿದವನ ಭುಜದ ಮಾತಿತ್ತು, ಉಸಿರಿನ ಮಾತಿತ್ತು, ಬಾಲದ ಮಾತೂ ಇತ್ತು. ಎತ್ತಿಸಿಕೊಂಡ ಗುಡ್ಡದ ಮಾತು ಯಾವ ಪದದಲ್ಲೂ ಇರಲಿಲ್ಲ.

ಒಂದು ಸಂಜೆ ಜೈಪಾಲ ಬಂದು ಬಾಗಿಲಲ್ಲಿ ಕುಕ್ಕರಗಾಲಲ್ಲಿ ಕೂತ. ಅಷ್ಟು ಕಷ್ಟಪಟ್ಟು ಕಟ್ಟೆ ಕಟ್ಟಿದ್ದೇನೆ, ಯಾಕೆ ಗಾಡಿ ತೆಗೆಯುವುದಿಲ್ಲ ಎಂದು ಕೇಳಿದ. ಅವಳು ರೊಟ್ಟಿ ಬಡಿಯುತ್ತಿದ್ದಳು. ಗುಡಿಯ ಮುಂದೆ ತುಸು ದೂರದ ಮಾತು, ಎತ್ತಿಸಿಕೊಂಡರೆ ಏನಾಗುತ್ತದೆ, ನಾನು ಇಳಿಯುವುದಿಲ್ಲವೇ, ಇಜ್ಜತ್ತು ಏನು ನನಗಿಲ್ಲವೇ ಎಂದ. ಅವಳು ರೊಟ್ಟಿಯನ್ನು ಹಂಚಿಗೆ ಹಾಕಿ, ನೀರು ಸವರಿ, ತಿರುವಿ ಹಾಕಿದಳು.

“ನೀ ನಿನ್ನ ಕಾಲಿಲೆ ಇಳಿತಿ ತಮ್ಮಾ. ನನಗ ಎತ್ತೋರ ಕೈ ಎಲ್ಲೆಲ್ಲಿ ಇರ್ತಾವ, ಗೊತ್ತೇನು ನಿನಗ?”

ದನಿ ಏರಲಿಲ್ಲ. ರೊಟ್ಟಿ ಸೀದಿತೇನೋ ಎಂದು ಬಗ್ಗಿ ನೋಡಿದಳು. ಎಷ್ಟು ದಿನದಿಂದ ಎಂದು ಜೈಪಾಲ ಕೇಳಿದ. ನೀ ಸಾಲಿ ಕಲೀವಾಗಿನಿಂದ ಎಂದಳು. ಅವನು ಎದ್ದು ಹೋದ. ಹೋಗುವಾಗ ಬಾಗಿಲಿನ ಚೌಕಟ್ಟಿಗೆ ತಲೆ ತಾಗಿತು, ಅದನ್ನು ಉಜ್ಜಿಕೊಳ್ಳಲೂ ಇಲ್ಲ.

ಸೋಮವಾರ ಬೆಳಗ್ಗೆ ಅವಳು ಪ್ಲಾಸ್ಟಿಕ್ಕು ತೆಗೆದಳು. ಉಳಿ, ಸುತ್ತಿಗೆ, ಬುತ್ತಿಯ ಗಂಟು, ನೀರಿನ ಬಾಟಲಿ ಸೀಟಿನ ಕೆಳಗೆ ಇಟ್ಟಳು. ಕಟ್ಟೆಯಿಂದ ಸೀಟಿಗೆ ಸರಿದು, ಸೀರೆಯ ಸೆರಗನ್ನು ಗಾಲಿಗೆ ಸಿಗದಂತೆ ಬಿಗಿದು, ಪೆಡಲು ತಿರುಗಿಸಿದಳು. ಟ್ರಾಲಿಗೆ ಕಾದು ನಿಂತಿದ್ದ ಹೆಂಗಸರು ದಾರಿ ಬಿಟ್ಟರು. ಲಚ್ಚಮ್ಮ, “ಇವತ್ತ ದೊರಿಸಾನಿ ಸವಾರಿ ಹೊಂಟದಲ್ಲೇ,” ಎಂದಳು.

ಬೇವಿನ ಗಿಡದ ಕೆಳಗೆ ದೇವಿದಾಸ ನಿಂತಿದ್ದ. ಮಾತಾದಂತೆ ಜೊತೆಗೆ ಒಬ್ಬ ಆಳು. ಅವಳು ಗಿಡ ದಾಟಿದಳು. ಗುಡಿಯ ಎದುರಿಗೆ ಬರುವಷ್ಟರಲ್ಲಿ ದೇವಿದಾಸ ಓಡಿ ಬಂದು ಹ್ಯಾಂಡಲ್ಲು ಹಿಡಿದ. ಸೈಕಲ್ಲು ದಾರಿಯ ನಡುವೆ ಅಡ್ಡ ತಿರುಗಿ ನಿಂತಿತು.

“ಏ ರಂಡಿ, ಎಲ್ಲಿಗಿ ಹೊಂಟಿ? ಬಾ, ಕೈ ಎತ್ತು.”

ಅವಳು ಬ್ರೇಕು ಹಾಕಿದಳು. ಕೈ ಎತ್ತಲಿಲ್ಲ. ಅವನು ರೂಢಿಯಂತೆ ಕಂಕುಳಿಗೆ ಕೈ ತಂದ. ಅವಳು ಬಗ್ಗಿ ಸೀಟಿನ ಕೆಳಗಿನಿಂದ ಉಳಿ ತೆಗೆದು ತೊಡೆಯ ಮೇಲೆ ಇಟ್ಟುಕೊಂಡಳು.

“ಮುಟ್ಟಬ್ಯಾಡ,” ಎಂದಳು.

ದೇವಿದಾಸ ನಕ್ಕು ಸುತ್ತ ನೋಡಿದ. ಯಾರೂ ನಗಲಿಲ್ಲ. ಉಳಿಯ ಬಾಯಿ ಹೊಸದಾಗಿ ಮಸೆದದ್ದು. ಅವನು ಒಂದು ಹೆಜ್ಜೆ ಹಿಂದೆ ಸರಿದು, ಭಾಡ್ಯಾ, ನೀನರೆ ಹಿಡಿಯೋ ಎಂದು ಆಳಿಗೆ ಬೈದ. ಆಳು ಹಿಡಿಯಲಿಲ್ಲ. ಇಳಿ ಎಂದರು, ಅವಳು ಇಳಿಯಲಿಲ್ಲ. ಹಾಗಾದರೆ ಹಿಂದಕ್ಕೆ ತಿರುಗಿಸು ಎಂದರು, ತಿರುಗಿಸಲಿಲ್ಲ. ಪೂಜಾರಿ ಒಳಗಿನಿಂದ ಬಂದು ನೋಡಿ ಮತ್ತೆ ಒಳಗೆ ಹೋದ.

ಅಷ್ಟರಲ್ಲಿ ಬಶೀರಾಬಾದಿನ ಬಸ್ಸು ಬಂತು. ಒಂದು ಕಡೆ ಗುಡಿಯ ಕಟ್ಟೆ, ಇನ್ನೊಂದು ಕಡೆ ಗಟಾರ. ಡ್ರೈವರು ಹಾರ್ನು ಹೊಡೆದ, ಮತ್ತೆ ಹೊಡೆದ. ಕಂಡಕ್ಟರ್ ಹೆಣ್ಣುಮಗಳು ಇಳಿದು ಬಂದು, ಪಕ್ಕಕ್ಕೆ ಜರುಗಮ್ಮಾ, ಟೈಮಾಗ್ತದ ಎಂದಳು. ಸ್ವರೂಪಾಳ ಕಾಲು ನೋಡಿದಳು, ನಿಂತ ಗಂಡಸರನ್ನು ನೋಡಿದಳು, ಏನು ವಿಷಯ ಎಂದು ಕೇಳಿದಳು. ಯಾರೂ ಸರಿಯಾಗಿ ಹೇಳಲಿಲ್ಲ. ದೇವರ ವಿಷಯ ಎಂದು ಒಬ್ಬ ಅಂದ. ಆಕೆ ಬಸ್ಸಿನ ಹತ್ತಿರ ಹೋಗಿ ಫೋನು ಹಚ್ಚಿದಳು.

ಬಿಸಿಲು ಏರಿತು. ಬಸ್ಸಿನ ಹಿಂದೆ ಹಾಲಿನ ಗಾಡಿ ನಿಂತಿತು, ಸಿಮೆಂಟಿನ ಲಾರಿ ನಿಂತಿತು, ಖಣಿಯ ಟ್ರಾಲಿಯೂ ಬಂದು ನಿಂತಿತು. ತೊಗರಿ ಬಜಾರಿಗೆ ಹೋಗುವವರು, ಕಾಲೇಜಿನ ಹುಡುಗಿಯರು, ಆಫೀಸಿನವರು, ಬೀಗರ ಮನೆಗೆ ಹೊರಟವರು ಕಾದು ಕಾದು ಒಬ್ಬೊಬ್ಬರೇ ಬಸ್ಸಿನಿಂದ ಇಳಿದರು. ಮುಂದಿನ ತಿರುವಿನಲ್ಲಿ ಆಟೊ ಸಿಗುತ್ತದೆಂದು ಚೀಲ ಹೊತ್ತು, ಗಟಾರದ ಅಂಚಿನಲ್ಲಿ ಸಾಲಾಗಿ ಗುಡಿಯ ಮುಂದೆ ನಡೆದು ಹೋದರು. ಮೇಲಿನ ಮನೆಗಳವರೂ ನಡೆದರು, ಕೇರಿಯವರೂ ನಡೆದರು. ಹೋಗುವಾಗ ಕೆಲವರು ಅವಳಿಗೆ ಬೈದರು. ಒಬ್ಬ ಮುದುಕಿ ಅವಳ ತೊಡೆಯ ಮೇಲೆ ಒಂದು ಬಾಳೆಹಣ್ಣು ಇಟ್ಟು ಹೋದಳು. ಭಿಕ್ಷೆಯವಳು ಅಂದುಕೊಂಡಿರಬೇಕು.

ಉಚ್ಚೆಗೆ ಅವಸರವಾಗಿ ಬಹಳ ಹೊತ್ತಾಗಿತ್ತು. ಸ್ವರೂಪಾ ತಡೆದಳು. ಆಮೇಲೆ ತಡೆಯುವುದನ್ನು ಬಿಟ್ಟಳು. ಸೀಟಿನಿಂದ ಸೋರಿ, ಗಾಲಿಯ ಪಕ್ಕ ಸಣ್ಣಗೆ ಹರಿದು, ಗುಡಿಯ ಕಡೆಗಿನ ಇಳಿಜಾರಿಗೆ ಸಾಗಿತು. ಎಲ್ಲರೂ ನೋಡಿದರು. ಅವಳೂ ನೋಡಿದಳು, ಬೇರೆ ಯಾರದೋ ಮೈಯಿಂದ ಹರಿದದ್ದನ್ನು ನೋಡಿದ ಹಾಗೆ.

ಕೊನೆಗೆ ಪಟೇಲರ ಕಾರು ಬಂತು. ನಸುಕಿನಲ್ಲೇ ಬಶೀರಾಬಾದಿಗೆ ಹೋಗಿದ್ದವರು ಅಲ್ಲಿಂದ ತಾಂಡೂರಿಗೆ ಹೊರಟಿದ್ದರಂತೆ. ಟ್ರಾಲಿಯ ಹಿಂದೆ ಸಿಕ್ಕಿಕೊಂಡು, ಡ್ರೈವರು ಎಷ್ಟು ಹಾರ್ನು ಹೊಡೆದರೂ ಆಗದೆ, ಬಾಗಿಲು ತೆಗೆದು ಇಳಿದರು. ಧೋತರದ ಅಂಚು ಎತ್ತಿ ಹಿಡಿದು, ಟ್ರಾಲಿ, ಲಾರಿ, ಬಸ್ಸು ದಾಟಿ ನಡೆದು ಬಂದರು. ಸುತ್ತ ಎರಡು ಮೂರು ಫೋನು ಎತ್ತಿ ಹಿಡಿದದ್ದನ್ನು ಕಂಡು ದನಿ ಇಳಿಸಿದರು.

“ಯಾಕವ್ವಾ ಸ್ವರೂಪಾ, ನನ್ನ ಮ್ಯಾಲ ಇಷ್ಟ್ಯಾಕ ಹಟ?”

“ಹಟ ಅಲ್ರಿ ದೊರಿ. ನಿಮಗ ಕಾಲ ಅವ, ಇಳದೀರಿ. ನನಗ ಇಳ್ಯಾಕ ಬರಲ್ಲ.”

ಪಟೇಲರು ಗುಂಪಿನಲ್ಲಿ ನಿಂತಿದ್ದ ಅಂಜಪ್ಪನ ಕಡೆ ತಿರುಗಿ, ನಿಮ್ಮ ಹುಡುಗಿ, ನೀವೇ ಎತ್ತಿರಿ, ಬೇರೆಯವರು ಯಾಕೆ ಮುಟ್ಟಬೇಕು ಎಂದರು. ನ್ಯಾಯವಾದ ಮಾತೆಂದು ಕೆಲವರು ತಲೆ ಆಡಿಸಿದರು. ಅಂಜಪ್ಪ ಬಂದು ಸೀಟಿನ ಬೆನ್ನಿಗೆ ಕೈ ಇಟ್ಟ. ಅವನ ಕಣ್ಣಲ್ಲಿ ನೀರಿತ್ತು. ಹಡೆದವ್ವನ ಹೆಸರು ಹೇಳಿ ಬೇಡಿಕೊಂಡ. ಒಂದೇ ಒಂದು ಸಲ, ನಾನು ಎತ್ತುತ್ತೇನೆ, ನನ್ನ ಕೈಗೆ ಏನು ಕೆಡುಕಿದೆ ಎಂದ.

“ಮಾಮಾ, ಕೈ ತಗಿ,” ಎಂದಳು ಸ್ವರೂಪಾ.

ಅವನು ತೆಗೆಯಲಿಲ್ಲ. ಎತ್ತಲೂ ಇಲ್ಲ.

ಬೇವಿನ ಗಿಡದ ಕೆಳಗೆ ಜೈಪಾಲ ಅಷ್ಟು ಹೊತ್ತಿನಿಂದ ನಿಂತಿದ್ದ. ಮೋಟರ್ ಸೈಕಲ್ಲಿನಿಂದ ಇಳಿದು, ಹ್ಯಾಂಡಲ್ಲು ಹಿಡಿದುಕೊಂಡೇ ನಿಂತಿದ್ದ. ಪಟೇಲರು ಅವನ ಹೆಸರು ಹಿಡಿದು ಕರೆದರು, ತಮ್ಮನಾಗಿ ನೀನಾದರೂ ಬಾ ಎಂದರು. ಅವನು ಗಾಡಿಗೆ ಸ್ಟ್ಯಾಂಡು ಹಾಕಿ ಬಂದ. ಎತ್ತುತ್ತಾನೆ ಎಂದುಕೊಂಡು ಜನ ಜಾಗ ಬಿಟ್ಟರು. ಅವನು ಮಾವನ ಕೈಯನ್ನು ಮೆಲ್ಲಗೆ ಸೀಟಿನಿಂದ ಬಿಡಿಸಿದ. ಆಮೇಲೆ ತನ್ನ ಎರಡೂ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡು, ಅಕ್ಕನ ಪಕ್ಕಕ್ಕೆ, ಅವಳನ್ನು ಮುಟ್ಟದಷ್ಟು ದೂರದಲ್ಲಿ ನಿಂತ.

ಪಟೇಲರು ಒಂದು ಹೆಜ್ಜೆ ಮುಂದೆ ಬಂದು ಗಾಲಿಗೆ ಅಡ್ಡ ನಿಂತರು. ಫೋನುಗಳು ಇನ್ನೂ ಮೇಲೇ ಇದ್ದವು. ಪೊಲೀಸರು ಬರ್ತಾರ ಎಂದು ಯಾರೋ ಅಂದರು, ಯಾರ ಪರವಾಗಿ ಬರುತ್ತಾರೆ ಎಂದು ಯಾರೂ ಹೇಳಲಿಲ್ಲ. ಸ್ವರೂಪಾ ಹ್ಯಾಂಡಲ್ಲನ್ನು ಖಣಿಯ ಕಡೆಗೆ ನೆಟ್ಟಗೆ ತಿರುಗಿಸಿದಳು. ಮುಂದಿನ ಗಾಲಿ ಬಿಳೀ ಧೋತರಕ್ಕೆ ತಾಗಿತು. ಅವರು ಸರಿಯಲಿಲ್ಲ. ಅವಳು ಬ್ರೇಕು ಬಿಟ್ಟು ಪೆಡಲಿಗೆ ಎರಡೂ ಕೈ ಕೊಟ್ಟಳು.